ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಅಡುಗೆಮನೆ ತುಂಬಿಸುವ ಬಗೆ

ಊರಿಂದ ಹೊರಡುವಾಗ ಸೂಟ್‌ಕೇಸಿಗೆ ಅಕ್ಕಿ, ಬೇಳೆ, ರವೆ ತುಂಬಬೇಡಿ. 11 ವರ್ಷದ ಹಿಂದೆ ನಾನು ಹಾಗೇ ಮಾಡಿದ್ದೆ. 4 ಕಿಲೋ ತೊಗರಿಬೇಳೆ ಹೊತ್ತು ತಂದೆ. ಅಮ್ಮ ಮಾಡಿಕೊಟ್ಟ ಹುಳಿಪುಡಿಗೆ ಜಾಗ ಸಾಲದೆ ಅರ್ಧ ಮನೆಯಲ್ಲೇ ಉಳಿಯಿತು. ಬೇಳೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಸೋನಾ ಮಸೂರಿಯೂ ಸಿಗುತ್ತದೆ. ಅಮ್ಮನ ಪುಡಿ ಎಲ್ಲಿ ಸಿಗಬೇಕು ಹೇಳಿ?

ಹಾಗಾಗಿ ತರುವುದಾದರೆ ಇವನ್ನು ತನ್ನಿ: ಸಾರಿನ ಪುಡಿ, ಹುಳಿಪುಡಿ, ವಾಂಗಿಬಾತ್ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಒಳ್ಳೆ ಇಂಗು, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಎರಡೆರಡು ಕವರ್ ಸುತ್ತಿ ದೊಡ್ಡ ಲಗೇಜಿಗೆ ಹಾಕಿ.

ತುಪ್ಪ ಮಾತ್ರ ತರಲೇಬೇಡಿ. ಹಾಲು, ಬೆಣ್ಣೆ, ತುಪ್ಪ, ಮಾಂಸ ಯಾವುದನ್ನೂ ಭಾರತದಿಂದ ಐರೋಪ್ಯ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ. ಪೇಡವೂ ಹಾಲಿನದ್ದೇ ಅಲ್ವಾ, ಅದೂ ಬೇಡ. ಮಾವಿನಹಣ್ಣು, ಹಸಿ ಕರಿಬೇವು ತರಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ಆ ಪತ್ರ ಬೇಡ. ಅಜ್ಜಿ ಕಾಯಿಸಿ ಕೊಟ್ಟ ತುಪ್ಪದ ಡಬ್ಬಿ ಕಣ್ಣೆದುರೇ ಕಸದ ಬುಟ್ಟಿಗೆ ಬೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೊದಲೇ ಮನೆಯವರಿಗೆ ಹೇಳಿಬಿಡಿ.

ತುಪ್ಪದ ಚಿಂತೆಯೂ ಬೇಡ. ಇಲ್ಲಿ ಬೆಣ್ಣೆ 250 ಗ್ರಾಂ ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣದ ಮೇಲೆ 'ಸಾವರ್‌ರಾಮ್‌ಬುಟರ್' ಎಂದಿದೆಯಾ ನೋಡಿ. ಅಂದರೆ ಕೆನೆಗೆ ಹೆಪ್ಪು ಹಾಕಿ, ಹುಳಿ ಬರಿಸಿ ತೆಗೆದ ಬೆಣ್ಣೆ. ನಮ್ಮಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವುದಕ್ಕೆ ಹತ್ತಿರ, ಅದಕ್ಕೇ ಇದರ ತುಪ್ಪಕ್ಕೆ ಊರಿನ ಘಮ ಬರುತ್ತದೆ. 'ಸ್ಯೂಸ್‌ರಾಮ್‌ಬುಟರ್' ಎಂದರೆ ಸಿಹಿ ಕೆನೆಯದು. ಅದರಿಂದ ತುಪ್ಪ ಆಗುತ್ತದೆ, ಘಮ ಅಷ್ಟಿರುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. ಮೊದಲು ಬಿಳಿ ನೊರೆ ಏಳುತ್ತದೆ, ಚಟಚಟ ಸದ್ದು ಬರುತ್ತದೆ. ಸದ್ದು ಅಡಗುತ್ತಾ ಬಂದು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ. ಒಂದು ಪೊಟ್ಟಣಕ್ಕೆ ಸುಮಾರು 200 ಗ್ರಾಂ ತುಪ್ಪ ಸಿಗುತ್ತದೆ.

ಪುರುಸೊತ್ತಿಲ್ಲದಿದ್ದರೆ 'ಬುಟರ್‌ಶ್ಮಾಲ್ಟ್ಸ್' ಎಂಬ ಸಿದ್ಧ ತುಪ್ಪವೇ ಇದೆ. ಇಲ್ಲಿ ಸಸ್ಯಾಹಾರಿಗಳು ಗಮನ ಕೊಡಲೇಬೇಕು. ಪದದ ಮೊದಲಲ್ಲಿ 'ಬುಟರ್' ಇಲ್ಲದೆ ಬರೀ 'ಶ್ಮಾಲ್ಟ್ಸ್' ಎಂದಿದ್ದರೆ ಅದು ಪ್ರಾಣಿಯ ಕೊಬ್ಬು, ಸಾಮಾನ್ಯವಾಗಿ ಹಂದಿಯದು. ನೋಡಲು ಎರಡೂ ಒಂದೇ ತರಹ ಇರುತ್ತವೆ. ಹಾಗೆಯೇ 'ಶ್ಪೆಕ್' ಎಂದರೆ ಹಂದಿಮಾಂಸ, ಆಲೂಗಡ್ಡೆ ತಿಂಡಿಗಳಲ್ಲೂ ಇರುತ್ತದೆ. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ, ಕೆಲವು ಮೊಸರು ತಿನಿಸುಗಳಲ್ಲಿ 'ಗೆಲಟೀನೆ' ಇದೆಯಾ ನೋಡಿ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಇಷ್ಟು ಪದ ಫೋನಿನಲ್ಲಿ ಬರೆದಿಟ್ಟುಕೊಂಡರೆ ಮೊದಲ ತಿಂಗಳು ನೆಮ್ಮದಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಉಳಿದ ದಿನ ರಾತ್ರಿ 8ಕ್ಕೆ ಬಾಗಿಲು. ಶನಿವಾರ ಸಂಜೆ ಮರೆತರೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ಬಟ್ಟೆ ಚೀಲ, ಮತ್ತೆ ಅಂಗಡಿಯ ತಳ್ಳುಗಾಡಿ ಬಿಡಿಸಿಕೊಳ್ಳಲು ಒಂದು ಯೂರೋ ನಾಣ್ಯ ಸದಾ ಜೊತೆಗಿರಲಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಸಾಮಾನ್ಯವಾಗಿ ಒಂದೊಂದಕ್ಕೆ 25 ಸೆಂಟ್ ಠೇವಣಿ ಕಟ್ಟಿರುತ್ತೀರಿ. ಅಂಗಡಿಯ ಯಂತ್ರಕ್ಕೆ ಹಾಕಿ, ಬರುವ ಚೀಟಿಯನ್ನು ಕ್ಯಾಷಿಯರ್‌ಗೆ ಕೊಟ್ಟರೆ ಬಿಲ್‌ನಲ್ಲಿ ಕಳೆಯುತ್ತಾರೆ.

ಇನ್ನು ತರಕಾರಿ. ನನಗೆ ತುಂಬಾ ಇಷ್ಟದ ವಿಷಯ ಇದು. ಹೊಸಬರು "ಇಲ್ಲಿ ನಮ್ಮದೇನೂ ಸಿಗಲ್ಲ" ಅಂತ ಬೇಜಾರು ಮಾಡಿಕೊಳ್ಳುವುದನ್ನು ಕೇಳುತ್ತಿರುತ್ತೇನೆ. ಬನ್ನಿ, ಯಾವುದಾದರೂ ಮಾಮೂಲಿ ಸೂಪರ್‌ಮಾರ್ಕೆಟ್‌ಗೆ ಹೋಗೋಣ. 'ಡಿಲ್' ಅಂತ ಸಣ್ಣ ಕಟ್ಟು ಇರುತ್ತದೆ, ಒಂದು ಎಳೆ ತಿಕ್ಕಿ ಮೂಸಿ ನೋಡಿ. ಸಬ್ಬಸಿಗೆ ಸೊಪ್ಪು! ಅವರು ಮೀನಿಗೆ ಹಾಕುತ್ತಾರೆ, ನಾವು ಅಕ್ಕಿ ರೊಟ್ಟಿಗೆ ಹಾಕೋಣ. 'ಕೋಲ್‌ರಾಬಿ' ಎಂದರೆ ನವಿಲುಕೋಸು. ಎಲೆ ಸಮೇತ ಮಾರುತ್ತಾರೆ, ಕೆಲವರು ಎಲೆ ಮುರಿದು ಅಲ್ಲೇ ಬಿಟ್ಟು ಹೋಗುತ್ತಾರೆ. ನೀವು ಬಿಡಬೇಡಿ, ಎಳೆ ಎಲೆ ಪಲ್ಯಕ್ಕೆ ಚೆನ್ನ. ಉದ್ದನೆಯ ಬಿಳಿ 'ರೆಟಿಶ್' ಮೂಲಂಗಿ. ಇಲ್ಲಿಯವರು ಅದನ್ನು ಸುರುಳಿಯಾಗಿ ಹೆಚ್ಚಿ ಉಪ್ಪು ಸವರಿ ಬಿಯರ್ ಜೊತೆ ತಿನ್ನುತ್ತಾರೆ, ನಮಗೆ ಹುಳಿಗೆ ಆಯಿತು. ಕೊತ್ತಂಬರಿ ಎಂದುಕೊಂಡು ಪಾರ್ಸ್ಲಿ ತರುವವರು ಜಾಸ್ತಿ. ಎಲೆ ಒಂದೇ ತರಹ ಕಾಣುತ್ತದೆ, ಮೂಸಿದರೆ ಗೊತ್ತಾಗುತ್ತದೆ.

ಕೊತ್ತಂಬರಿ, ಪುದೀನ, ಬೆಂಡೆ, ಹಸಿಮೆಣಸಿನಕಾಯಿಗೆ ಮುಖ್ಯ ರೈಲು ನಿಲ್ದಾಣದ ಹತ್ತಿರದ ಲಾಂಡ್‌ವೇರ್‌ಸ್ಟ್ರಾಸೆಗೆ ಹೋಗಿ. ಆ ಬೀದಿಯಲ್ಲಿ ಟರ್ಕಿಯವರ, ಅರಬರ ಅಂಗಡಿಗಳಿವೆ. ಕಟ್ಟು ದೊಡ್ಡದು, ಸೊಪ್ಪು ತಾಜಾ. ಅಲ್ಲೇ 'ಅಯ್ರಾನ್' ಸಿಗುತ್ತದೆ, ಉಪ್ಪು ಹಾಕಿದ ಮಜ್ಜಿಗೆ. ಮನೆಗೆ ತಂದು ಶುಂಠಿ ಜಜ್ಜಿ, ಇಂಗಿನ ಒಗ್ಗರಣೆ ಕೊಟ್ಟರೆ ಅದು ನಮ್ಮದೇ. ಮತ್ತೆ ಉಪ್ಪು ಮಾತ್ರ ಹಾಕಬೇಡಿ.

ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸೆನ್‌ಗ್ರೀಸ್', ಅಂದರೆ ಗಟ್ಟಿ ಗೋಧಿಯ ರವೆ ತನ್ನಿ. 'ವೈಶ್‌ವೈಟ್ಸೆನ್', ಅಂದರೆ ಮೆದು ಗೋಧಿಯ ರವೆ ಗಂಜಿಯಾಗುತ್ತದೆ. ಏಷ್ಯನ್ ಅಂಗಡಿಯ ಥಾಯ್ ಅಕ್ಕಿ ಹಿಟ್ಟಿನಲ್ಲಿ ಎರಡು ಬಗೆ ಇದೆ. ಆನೆ ಚಿತ್ರದ ಪೊಟ್ಟಣದಲ್ಲಿ ಕೆಂಪು ಅಕ್ಷರದ್ದು ಮಾಮೂಲಿ ಹಿಟ್ಟು, ಹಸಿರಿನದು ಅಂಟು ಅಕ್ಕಿಯದು. ಹಸಿರಿನದರಲ್ಲಿ ರೊಟ್ಟಿ ತಟ್ಟಲು ಹೋದರೆ ಕೈಬಿಟ್ಟು ಬರುವುದಿಲ್ಲ.

ನೀವು ವಸಂತದಲ್ಲಿ ಬಂದಿಳಿದಿದ್ದರೆ, ಏಪ್ರಿಲ್ ಹೊತ್ತಿಗೆ 'ರಬಾರ್ಬರ್' ಎಂಬ ಕೆಂಪು ದಂಟು ಬರುತ್ತದೆ. ಹುಣಸೆಯಷ್ಟೇ ಹುಳಿ. ನಾರು ತೆಗೆದು ಹೆಚ್ಚಿ, ಬೆಲ್ಲ, ಖಾರದಪುಡಿ, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿ, ಐದು ನಿಮಿಷಕ್ಕೆ ಕರಗಿಬಿಡುತ್ತದೆ. ಎಲೆ ಮಾತ್ರ ವಿಷ, ದಂಟು ಅಷ್ಟೇ ಬಳಸಿ. ಜೂನ್ 24ರ ಹೊತ್ತಿಗೆ ಇಲ್ಲಿಯ ರೈತರು ಕೀಳುವುದು ನಿಲ್ಲಿಸುತ್ತಾರೆ, ಅಷ್ಟರೊಳಗೆ ಎರಡು ಸಲವಾದರೂ ಮಾಡಿ.