ಪಾನ ಕೂತಿತು, ನಟ್ಟು ಕೂರಲಿಲ್ಲ

ನನ್ನ 1936ರ ಮಾರಿಸ್ ಎಯ್ಟ್ ಕಾರು ಸಿಕ್ಕಿದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ. ಬಾಡಿಯೊಳಗಿನ ಮರವನ್ನು ಗೆದ್ದಲು ತಿಂದಿತ್ತು, 918 ಸಿಸಿಯ ಎಂಜಿನ್ ಕಚ್ಚಿಕೊಂಡಿತ್ತು. ಆದರೂ ಕೊಂಡು ತಂದೆ, ಏಕೆಂದರೆ ಸಾಮಾನು ಹೆಚ್ಚೇನೂ ಕಳೆದಿರಲಿಲ್ಲ. ಹಳೇ ಕಾರು ಕೊಳ್ಳುವಾಗ ಬಣ್ಣ, ತುಕ್ಕು ನೋಡುತ್ತಾ ನಿಲ್ಲಬೇಡಿ. ಏನೇನು ಇಲ್ಲ ಅಂತ ಪಟ್ಟಿ ಮಾಡಿ. ತುಕ್ಕು ಉಜ್ಜಿದರೆ ಹೋಗುತ್ತದೆ. ಹೆಡ್‌ಲ್ಯಾಂಪಿನ ರಿಮ್ಮು ಇಲ್ಲದಿದ್ದರೆ ವರ್ಷಗಟ್ಟಲೆ ಅಲೆಯಬೇಕು.

ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಆಯಿಲ್ ಬೆರೆಸಿ ಹೊಯ್ದು ಮೂರು ವಾರ ಬಿಟ್ಟೆ. ಟಾಪ್ ಗೇರಿಗೆ ಹಾಕಿ ಹಿಂದೆ ಮುಂದೆ ಆಡಿಸುತ್ತಿದ್ದಾಗ ಒಂದು ಬೆಳಿಗ್ಗೆ ಎಂಜಿನ್ ಬಿಟ್ಟುಕೊಂಡಿತು.

ತಲೆ ಕೆಡಿಸಿದ್ದು ಎಂಜಿನ್ನಿನ ನಟ್ಟು. ವಿಟ್‌ವರ್ತ್, ಅಂದರೆ ಹಳೇ ಬ್ರಿಟಿಷ್ ಅಳತೆಯ ಪಾನ (ಸ್ಪ್ಯಾನರ್) ಅದರ ತಲೆಗೆ ಸರಿಯಾಗಿ ಕೂರುತ್ತಿತ್ತು. ಹಾಗಾಗಿ ಬೆಂಗಳೂರಿನ ಜೆಸಿ ರಸ್ತೆಯಿಂದ 5/16 ಇಂಚಿನ ಬಿಎಸ್‌ಎಫ್ (ಬ್ರಿಟಿಷ್ ಸಣ್ಣ ಥ್ರೆಡ್ಡಿನ) ನಟ್ಟು ತಂದೆ. ಒಂದೂವರೆ ಸುತ್ತು ಹೋಗಿ ಬಿಗಿಯಿತು. ಹಿಂದೆ ಯಾರೋ ಇದೇ ಹಟಕ್ಕೆ ಬಿದ್ದು ನಟ್ಟು ಕೂರುವ ಎರಡು ಸ್ಟಡ್ಡಿನ ಥ್ರೆಡ್ ಹಾಳು ಮಾಡಿದ್ದರು. ಅಳೆದು, ಪಿಚ್ ಗೇಜ್ ಹಿಡಿದರೆ ದಪ್ಪ 8 ಮಿಲಿಮೀಟರ್, ಪಿಚ್ (ಥ್ರೆಡ್ಡಿನ ಎಳೆಗಳ ನಡುವಿನ ಅಂತರ) 1! ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 8 ಎಂಎಂ ನಟ್ಟಿನ ಪಿಚ್ 1.25, ಅದೂ ಆಗದು. ಮಾರಿಸ್‌ಗೆ ಎಂಜಿನ್ ಮಾಡಿಕೊಡುತ್ತಿದ್ದ ಕವೆಂಟ್ರಿಯ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು, ಅಲ್ಲಿನದೆಲ್ಲ ಮೆಟ್ರಿಕ್ ಲೆಕ್ಕ. 1923ರಲ್ಲಿ ಮಾರಿಸ್ ಅದನ್ನು ಕೊಂಡ ಮೇಲೂ ಥ್ರೆಡ್ ಹಾಗೇ ಉಳಿಯಿತು. ಬ್ರಿಟಿಷ್ ಪಾನ ಹಿಡಿಯಲೆಂದು ತಲೆ ಮಾತ್ರ ವಿಟ್‌ವರ್ತ್ ಅಳತೆಗೆ ಬಂತು. ಕೊನೆಗೆ ಪೀಣ್ಯದ ಲೇತಿನಲ್ಲಿ ಸ್ಟಡ್ಡು, ನಟ್ಟು ಎಲ್ಲ ಹೊಸದಾಗಿ ಕಡೆಸಿದೆ. ಹಳೇ ನಟ್ಟು ಒಂದನ್ನೂ ಎಸೆಯದೆ ಡಬ್ಬಿಯಲ್ಲಿಟ್ಟಿದ್ದರಿಂದ ಮಾದರಿ ಕೈಯಲ್ಲಿತ್ತು.

ಬೇರಿಂಗಿನ ಕೆಲಸ ಮಾತ್ರ ಕಣ್ತುಂಬ ನೋಡಿದೆ. ಇದಕ್ಕೆ ಈಗಿನಂತೆ ಶೆಲ್ (ಸಿದ್ಧ ಬೇರಿಂಗ್ ಚಿಪ್ಪು) ತಂದು ಕೂರಿಸುವ ಹಾಗಿಲ್ಲ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೇ ವೈಟ್ ಮೆಟಲ್ ಅನ್ನುವ ಮೆದು ಬೇರಿಂಗ್ ಲೋಹ ಕರಗಿಸಿ ಹೊಯ್ಯಬೇಕು. ಈ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಸಿಕ್ಕಿದ್ದು ನನ್ನ ಪುಣ್ಯ. ರಾಡಿಗೆ ಮೊದಲು ತವರದ ಕಲಾಯಿ ಹಾಕಿದರು. ಆಮೇಲೆ ಕರಗಿದ ಲೋಹಕ್ಕೆ ಒಂದು ಮರದ ಕಡ್ಡಿ ಅದ್ದಿ ತೆಗೆದು, "ನೋಡಿ ಸಾರ್, ಕಡ್ಡಿ ಕಪ್ಪಾಗಬೇಕು, ಹೊತ್ತಿಕೊಳ್ಳಬಾರದು" ಅಂದರು. ಕೈ ತಡೆಯದೆ ಒಂದೇ ಧಾರೆಯಲ್ಲಿ ಹೊಯ್ದರು. ಬೋರ್ ಮಾಡಿಸಿದ ಮೇಲೆ ಕ್ರ್ಯಾಂಕಿಗೆ ನೀಲಿ ಬಣ್ಣ ಸವರಿ, ರಾಡು ಕೂರಿಸಿ, ತೆಗೆದು, ನೀಲಿ ಹತ್ತಿದಲ್ಲೆಲ್ಲ ಸ್ಕ್ರೇಪರಿನಿಂದ ಕೆರೆದರು. ನಾಲ್ಕು ರಾಡಿಗೆ ಎರಡು ದಿನ ಹಿಡಿಯಿತು. ಅವರ ಹತ್ತಿರ ಕಲಿಯಲು ಯಾರೂ ಬರುತ್ತಿಲ್ಲ ಅನ್ನುವುದು ನನಗೆ ಇಂದಿಗೂ ಸಂಕಟ.

ಬಾಡಿಯ ಮರವನ್ನು ನಮ್ಮೂರ ಆಚಾರರು ತೇಗದಲ್ಲಿ ಮಾಡಿಕೊಟ್ಟರು. ಹೆಡ್ ಗ್ಯಾಸ್ಕೆಟ್ ಇಂಗ್ಲೆಂಡಿನಿಂದ ಬಂತು.

ಇದರಲ್ಲಿ ವಾಟರ್ ಪಂಪ್ ಇಲ್ಲ. ಬಿಸಿ ನೀರು ತಾನೇ ಮೇಲೇರಿ ರೇಡಿಯೇಟರಿನಲ್ಲಿ ತಣಿದು ಇಳಿಯಬೇಕು. ಅದಕ್ಕೆ ಟ್ರಾಫಿಕ್ಕಿಗೆ ಒಯ್ಯುವುದಿಲ್ಲ, ಭಾನುವಾರ ಬೆಳಗಿನ ಜಾವವೇ ಹೊರಡುತ್ತೇನೆ. ಹೊಸ ಬೇರಿಂಗಿಗೆ 500 ಮೈಲಿ ಆಗುವವರೆಗೆ 30 ಮೈಲಿ ವೇಗ ದಾಟಿಸಬೇಡಿ ಅಂದಿದ್ದಾರೆ ಮೇಸ್ತ್ರಿ. ಈಗ 320 ಆಗಿದೆ.