ಹಿಂದಿನ ಸಾಲಿನ ಮುಖವೂ ಸ್ಪಷ್ಟವಾಗಿರಲಿ
ಜೋಡಿಯ ಫೋಟೋಗೆ ಎಫ್/2.8 ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು) ಸಾಕು, ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿದ್ದರೆ. ಎರಡು ಸಾಲಿನ ಕುಟುಂಬಕ್ಕೂ ಅದನ್ನೇ ಇಟ್ಟರೆ ಹಿಂದೆ ನಿಂತ ಅಜ್ಜಿ ಮಸುಕಾಗಿಬಿಡುತ್ತಾರೆ. ಎಫ್/5.6 ಅಥವಾ ಎಫ್/8ಕ್ಕೆ ಹೋಗಿ, ಮುಂದಿನ ಸಾಲಿನವರ ಕಣ್ಣಿಗೆ ಫೋಕಸ್ ಮಾಡಿ, ಹಿಂದಿನವರನ್ನು ಮುಂದೆ ಕೂತವರ ಕುರ್ಚಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ.

ಪುಟ್ಟ ಮಕ್ಕಳಿದ್ದರೆ ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡವೇ ಬೇಡ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ. ಆಗ ಕಾಣುವ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳನ್ನು, ಆಮೇಲೆ ತಗ್ಗಿಸಬಹುದು, ಅಲುಗಿದ ಮುಖವನ್ನು ಸರಿಪಡಿಸುವುದು ಕಷ್ಟ.

ತೀರಾ ವೈಡ್ ಲೆನ್ಸ್‌ನಲ್ಲಿ ಅಂಚಿನವರು ಎಳೆದಂತೆ ಅಗಲವಾಗಿ ಕಾಣುತ್ತಾರೆ. ಜಾಗವಿದ್ದರೆ 50 ಎಂಎಂ ಹಾಕಿ ಹಿಂದೆ ಸರಿಯಿರಿ.

ಕ್ಲಿಕ್ಕಿಸುವ ಮುನ್ನ ಕೈಗಳನ್ನು ನೋಡಿ: ಹೆಗಲ ಮೇಲೆ ಬರೀ ನಾಲ್ಕು ಬೆರಳ ತುದಿ ಇಣುಕಿದರೆ ಅದು ಯಾರದೆಂದೇ ತಿಳಿಯದು. ಪ್ರತಿ ಭಂಗಿಗೂ ಐದಾರು ಫ್ರೇಮ್ ತೆಗೆಯಿರಿ, ಯಾರಾದರೊಬ್ಬರು ಕಣ್ಣು ಮಿಟುಕಿಸಿರುತ್ತಾರೆ.