ಮಳೆಗಾಲಕ್ಕೆ ಮೊದಲು ಹಳೇ ಸ್ಪ್ಲೆಂಡರ್‌ಗೆ ಏನೇನು ಮಾಡಿಸಬೇಕು

ನಮ್ಮ ಮನೆಯಲ್ಲಿರುವುದು 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಆ ವರ್ಷ ಕಾಫಿ ಮಾರಿದ ದುಡ್ಡಲ್ಲಿ ಅಪ್ಪ ಹೊಸದಾಗಿ ತಂದದ್ದು. ಈಗ ಓಡಿಸುವವನು ನಾನು. ಕೊಡಗಿನ ಕಕ್ಕಬ್ಬೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬೆಳಗ್ಗೆ ಆಳುಗಳ ಹಾಜರಿ ಹಾಕಬೇಕು, ಮಧ್ಯಾಹ್ನ ನಾಪೋಕ್ಲಿಗೆ ಹೋಗಿ ಸಾಮಾನು ತರಬೇಕು, ಸಂಜೆ ಮಗಳನ್ನು ಟ್ಯೂಷನ್‌ನಿಂದ ಕರ್ಕೊಂಡು ಬರಬೇಕು. ಎಲ್ಲದಕ್ಕೂ ಇದೇ ಗಾಡಿ.

ಹಳೇ ಗಾಡಿ ಅಪ್‌ಗ್ರೇಡ್ ಅಂದ ತಕ್ಷಣ ಹುಡುಗರು ಸೈಲೆನ್ಸರ್, ಹ್ಯಾಂಡಲ್, ಸ್ಟಿಕರ್ ಅಂತ ಶುರು ಮಾಡುತ್ತಾರೆ. ಇದು 97.2 ಸಿಸಿ ಎಂಜಿನ್, ನಾಲ್ಕು ಗೇರು. ಹೊಸದಿದ್ದಾಗಲೇ ಏಳು ಚಿಲ್ಲರೆ ಎಚ್‌ಪಿ. ಏನು ಮಾಡಿದರೂ ಇದು ರೇಸ್ ಗಾಡಿ ಆಗುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಯಲ್ಲಿ, ಮಂಜಿನಲ್ಲಿ, ಇಳಿಜಾರಿನಲ್ಲಿ ನಂಬಿಕೊಂಡು ಓಡಿಸುವ ಗಾಡಿಯಾಗಿ ಮಾಡಬಹುದು. ನಾನು ಮೊದಲು ಬ್ರೇಕಿಗೆ ದುಡ್ಡು ಹಾಕಿದೆ, ಆಮೇಲೆ ಲೈಟಿಗೆ. ನೀವೂ ಅದೇ ವರಸೆಯಲ್ಲಿ ಹೋಗಿ.

ಯಾಕೆ ಬ್ರೇಕ್ ಮೊದಲು ಅಂದರೆ, ಕೆಲವು ವರ್ಷದ ಹಿಂದೆ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಸಮಯ) ಒಂದು ಸಂಜೆ ನಾನು ಮಗಳನ್ನು ಹಿಂದೆ ಕೂರಿಸಿಕೊಂಡು ಬರ್ತಾ ಇದ್ದೆ. ಜೋರು ಮಳೆ. ಒಂದು ತಗ್ಗಿನಲ್ಲಿ ನೀರು ನಿಂತಿತ್ತು, ದಾಟಿದೆ. ಮುಂದೆ ಇಳಿಜಾರು, ತಿರುವಿನಲ್ಲಿ ಹಸು ನಿಂತಿದೆ. ಮುಂದಿನ ಬ್ರೇಕ್ ಹಿಡಿದರೆ ಏನೂ ಆಗಲಿಲ್ಲ, ಲಿವರ್ ಸುಮ್ನೆ ಹ್ಯಾಂಡಲ್‌ಗೆ ಬಂದು ತಾಗಿತು. ಹಿಂದಿನದು ತುಳಿದೆ, ಟಯರ್ ಜಾರಿತು. ಇಬ್ಬರೂ ಚರಂಡಿಗೆ ಬಿದ್ದೆವು. ಅವಳ ಮೊಣಕಾಲು ತರಚಿತು, ಅಷ್ಟೇ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಗಾಡಿ ತಳ್ಳಿಕೊಂಡೇ ನಾಪೋಕ್ಲಿಗೆ ಹೋದೆ. ಮೆಕ್ಯಾನಿಕ್ ಅಣ್ಣ ಮುಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ, ಅಂದರೆ ಚಕ್ರದ ನಡುವಿನ ಡ್ರಮ್ಮಿನ ಒಳಗೋಡೆಗೆ ಒತ್ತಿ ಗಾಡಿ ನಿಲ್ಲಿಸುವ ತುಂಡು, ನನ್ನ ಕೈಗೆ ಕೊಟ್ಟರು. ಕನ್ನಡಿ ಥರ ಹೊಳೀತಾ ಇತ್ತು. "ರೈಟ್ರೇ, ಇದರಲ್ಲಿ ನಿಲ್ಲಲ್ಲ, ಇದು ಬರೀ ಉಜ್ತದೆ" ಅಂದರು.

ಡ್ರಮ್ ಬ್ರೇಕ್ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಶೂ ಬದಲಾಯಿಸಿ ಕೈ ತೊಳೆದುಕೊಳ್ಳುತ್ತಾರೆ, ಅದು ಅರ್ಧ ಕೆಲಸ. ಚಕ್ರ ಬಿಚ್ಚಿದ ಮೇಲೆ ಡ್ರಮ್ ಒಳಗಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಾಯಲ್ಲಿ ಊದಬೇಡಿ, ಆ ಧೂಳು ಎದೆಗೆ ಒಳ್ಳೇದಲ್ಲ. ಡ್ರಮ್ ಗೋಡೆಗೆ ಎಮ್ರಿ ಪೇಪರ್ ಹಾಕಿ ಹೊಳಪು ಹೋಗುವವರೆಗೆ ಉಜ್ಜಿ. ಶೂಗಳನ್ನು ಅಗಲಿಸುವ ಕ್ಯಾಮ್ ಹೊರಗೆ ತೆಗೆದು ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಹಚ್ಚಿ. ನಮ್ಮ ಕಡೆ ಈ ಕ್ಯಾಮ್ ತುಕ್ಕು ಹಿಡಿದು ಬಿಗಿಯಾಗುವುದೇ ಜಾಸ್ತಿ. ಲಿವರ್ ಗಟ್ಟಿ ಅನಿಸಿದರೆ ಕೇಬಲ್ ಜೊತೆಗೆ ಇದನ್ನೂ ಅನುಮಾನಿಸಿ. ಗ್ರೀಸ್ ಒಂದು ಚುಕ್ಕೆಯೂ ಶೂ ಮೇಲೆ ಬೀಳಬಾರದು.

ಹೊಸ ಶೂ ಡ್ರಮ್‌ಗೆ ಪೂರ್ತಿ ಕೂರುವುದಿಲ್ಲ, ಎಲ್ಲೋ ಎರಡು ಕಡೆ ಮಾತ್ರ ತಾಗುತ್ತದೆ. ಇದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಅಣ್ಣ ತೋರಿಸಿದ್ದು ಬರೀ ಒಂದು ಸೀಮೆಸುಣ್ಣದ ಕೆಲಸ. ಶೂ ಮೇಲೆಲ್ಲ ಸೀಮೆಸುಣ್ಣ ತಿಕ್ಕಿ. ಚಕ್ರ ಜೋಡಿಸಿ, ಬ್ರೇಕನ್ನು ಮೆಲ್ಲಗೆ ಹಿಡಿದು ಎರಡು ಮೂರು ಸುತ್ತು ತಿರುಗಿಸಿ. ಮತ್ತೆ ಬಿಚ್ಚಿ ನೋಡಿ. ಎಲ್ಲಿ ಬಿಳಿ ಅಳಿಸಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ ಅಂತ ಅರ್ಥ. ಆ ಜಾಗವನ್ನು ಎಮ್ರಿ ಪೇಪರಿನಲ್ಲಿ ಸ್ವಲ್ಪ ತಗ್ಗಿಸಿ, ಮತ್ತೆ ಸುಣ್ಣ ಹಚ್ಚಿ. ನನ್ನ ಗಾಡಿಗೆ ನಾಲ್ಕು ಸಲ ಹೀಗೆ ಮಾಡಿದೆವು. ಮೊದಲ ಸಲ ಬೆರಳಿನ ಅಗಲದಷ್ಟು ಮಾತ್ರ ಅಳಿಸಿತ್ತು. ನಾಲ್ಕನೇ ಸಲ ಮುಕ್ಕಾಲು ಭಾಗ ಕಪ್ಪಾಗಿ ಕಾಣಿಸಿತು. ಅವತ್ತು ಬಂದ ಬ್ರೇಕ್, ಗಾಡಿ ಹೊಸದಿದ್ದಾಗಲೂ ಇರಲಿಲ್ಲ ಅಂತ ಅಪ್ಪ ಅಂದರು.

ಚಕ್ರ ವಾಪಸ್ ಹಾಕುವಾಗ ಎರಡು ವಿಷಯ ಮರೆಯಬೇಡಿ. ಬ್ರೇಕ್ ಪ್ಲೇಟಿನಲ್ಲಿರುವ ಕಚ್ಚು, ಮುಂದಿನ ಶಾಕ್ ಅಬ್ಸಾರ್ಬರ್‌ನ ಕಾಲಿನಲ್ಲಿರುವ ಉಬ್ಬಿಗೆ ಸರಿಯಾಗಿ ಕೂತಿರಲೇಬೇಕು. ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗುತ್ತದೆ. ಇನ್ನೊಂದು, ಆಕ್ಸಲ್ ನಟ್ ಬಿಗಿ ಮಾಡುವಾಗ ಯಾರಾದರೂ ಬ್ರೇಕ್ ಲಿವರ್ ಹಿಡಿದುಕೊಂಡಿರಲಿ. ಆಗ ಶೂಗಳು ಡ್ರಮ್ಮಿನ ಮಧ್ಯಕ್ಕೆ ಬಂದು ಕೂರುತ್ತವೆ. ಕೇಬಲ್ ಹಳೆಯದಾಗಿದ್ದರೆ ಜೊತೆಗೇ ಬದಲಾಯಿಸಿ. ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಲಿ, ಹಿಂದಿನ ಪೆಡಲ್‌ಗೆ 20ರಿಂದ 30.

ಡಿಸ್ಕ್ ಬ್ರೇಕ್ ಹಾಕಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ, ಆದರೆ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕೂರುವ ಶಾಕ್, ಬೇರೆ ಹಬ್, ಮಾಸ್ಟರ್ ಸಿಲಿಂಡರ್ ಎಲ್ಲಾ ಬೇಕು, ಎಲ್ಲಾ ಒಂದಕ್ಕೊಂದು ಹೊಂದಬೇಕು. ಗುಜರಿ ಸಾಮಾನಿನಲ್ಲಿ ಜೋಡಿಸಿದ ಡಿಸ್ಕ್‌ಗಿಂತ ಸರಿಯಾಗಿ ಕೂರಿಸಿದ ಡ್ರಮ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಡ್ರಮ್‌ನ ಒಂದು ಕೊರತೆ ಮಾತ್ರ ಉಳಿಯುತ್ತದೆ. ನೀರು ಒಳಗೆ ಹೋದರೆ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನೀರು ದಾಟಿದ ಕೂಡಲೇ ಬ್ರೇಕನ್ನು ಮೆಲ್ಲಗೆ ಹಿಡಿದುಕೊಂಡೇ ಐವತ್ತು ಅರವತ್ತು ಮೀಟರ್ ಹೋಗಿ, ಬಿಸಿಗೆ ಒಣಗುತ್ತದೆ. ಅವತ್ತು ನಾನು ಇದನ್ನೊಂದು ಮಾಡಿದ್ದರೂ ಸಾಕಿತ್ತು.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಸಂಪಾಜೆ ಘಾಟಿಯಲ್ಲಾಗಲಿ ಮಾಕುಟ್ಟದಲ್ಲಾಗಲಿ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಶೂ ಕಾಯುತ್ತದೆ, ಕಾದ ಶೂ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ತಡೆಯುತ್ತದೆ.

ಇನ್ನು ಲೈಟ್. ಈ ಹಳೇ ಸ್ಪ್ಲೆಂಡರ್‌ಗಳಲ್ಲಿ ಹೆಡ್‌ಲೈಟ್‌ಗೆ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ. ಎಂಜಿನ್ ಜೋರಾಗಿ ತಿರುಗಿದರೆ ಬೆಳಕು ಜಾಸ್ತಿ, ನಿಧಾನ ಆದರೆ ಕಮ್ಮಿ. ಮಂಜು ಕವಿದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗಲೇ ಬೆಳಕು ದೀಪದ ಬತ್ತಿಯಷ್ಟಾಗುತ್ತದೆ. ಬೇಕಾದಾಗಲೇ ಇಲ್ಲ, ಅಲ್ವಾ?

ತಕ್ಷಣ ಎಲ್‌ಇಡಿ ತರಲು ಓಡಬೇಡಿ. ಮೊದಲು ಹೆಡ್‌ಲೈಟ್ ಡೂಮ್ (ಗಾಜು, ರಿಫ್ಲೆಕ್ಟರ್ ಸೇರಿದ ಭಾಗ) ಬಿಚ್ಚಿ ಒಳಗಿನ ರಿಫ್ಲೆಕ್ಟರ್ ನೋಡಿ. ಹದಿನೈದು ಮಳೆಗಾಲ ಕಂಡ ರಿಫ್ಲೆಕ್ಟರ್ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ಯಾವ ಬಲ್ಬ್ ಹಾಕಿದರೂ ಅಷ್ಟೇ. ಹೊಸ ಡೂಮ್ ಹಾಕಿ, ಅರ್ತ್ ವೈರಿನ ತುಕ್ಕು ಉಜ್ಜಿ, ಹಳೇ 35 ವಾಟಿನ ಬಲ್ಬಿನಲ್ಲೇ ಒಂದು ರಾತ್ರಿ ಓಡಿಸಿ ನೋಡಿ. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ನನಗೆ ಸಾಕಾಗಲಿಲ್ಲ. ಹಾಗಾಗಿ ಮ್ಯಾಗ್ನೆಟ್ ಕಾಯಿಲ್‌ನ ಅರ್ತ್ ಬಿಡಿಸಿ, ಫುಲ್ ವೇವ್ ರೆಕ್ಟಿಫೈಯರ್ (ಕಾಯಿಲ್ಲಿನ ಎಸಿ ಕರೆಂಟನ್ನೆಲ್ಲ ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಸಾಮಾನು) ಹಾಕಿಸಿ, ಹೆಡ್‌ಲೈಟನ್ನು ಬ್ಯಾಟರಿ ಲೈನಿಗೆ ತೆಗೆಸಿದೆ. ಈಗ ನಿಧಾನ ಹೋದರೂ ಬೆಳಕು ಒಂದೇ ಸಮ. ಇದು ಆಟೋ ಎಲೆಕ್ಟ್ರಿಷಿಯನ್ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ. ಮಾಡಿಸುವಾಗ ಹೆಡ್‌ಲೈಟ್‌ಗೆ ಬೇರೆ ಫ್ಯೂಸ್ ಇರಲಿ ಅಂತ ಹೇಳಿ. ರೆಕ್ಟಿಫೈಯರ್ ಬದಲಾಯಿಸದೆ ಬರೀ ವೈರ್ ತಿರುಗಿಸಿ ಕೊಟ್ಟರೆ ಇದರ ಸಣ್ಣ ಬ್ಯಾಟರಿಗೆ ಚಾರ್ಜ್ ಸಾಲದೆ ವಾರದಲ್ಲಿ ಮಲಗುತ್ತದೆ. ಬಲ್ಬ್ ಕಮ್ಮಿ ವಾಟಿನ ಎಲ್‌ಇಡಿ ಆಗಿರಲಿ, ಬಿಳಿಗಿಂತ ಸ್ವಲ್ಪ ಹಳದಿ ಛಾಯೆಯದ್ದು. ನಾನು ಮೊದಲು ಅಗ್ಗಕ್ಕೆ ಸಿಕ್ಕಿದ ಬೆಳ್ಳಗಿನ ಬಲ್ಬ್ ಹಾಕಿದ್ದೆ. ಮಂಜಿನಲ್ಲಿ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗಾಯಿತು, ಎದುರಿನ ಜೀಪಿನವರಿಗೂ ಕಣ್ಣು ಕುಕ್ಕಿತು. ಎರಡೇ ದಿನಕ್ಕೆ ತೆಗೆದೆ.

ಬಲ್ಬ್ ಯಾವುದೇ ಇರಲಿ, ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ನಾನು ಕಾಫಿ ಕಣದಲ್ಲಿ ಗೋಡೌನ್ ಗೋಡೆಯಿಂದ ಹತ್ತು ಮೀಟರ್ ದೂರ ಗಾಡಿ ನಿಲ್ಲಿಸಿ, ಹೆಡ್‌ಲೈಟಿನ ನಡುವಿನ ಎತ್ತರಕ್ಕೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದೆ. ಗಾಡಿ ಮೇಲೆ ಮಗಳು ಮತ್ತು ನಾನು ಕೂತೆವು, ಯಾಕೆಂದರೆ ಹಿಂದೆ ಭಾರ ಬಿದ್ದರೆ ಬೆಳಕು ಮೇಲೇಳುತ್ತದೆ. ಡಿಮ್ ಬೆಳಕಿನ ಮೇಲಂಚು ಆ ಗೆರೆಯಿಂದ ಒಂದು ಗೇಣು ಕೆಳಗೆ ಬರುವ ಹಾಗೆ ಹೆಡ್‌ಲೈಟ್ ಬಗ್ಗಿಸಿ ಬೋಲ್ಟ್ ಬಿಗಿ ಮಾಡಿದೆ. ಮಂಜಿನಲ್ಲಿ ಡಿಮ್‌ನಲ್ಲೇ ಓಡಿಸಿ. ಬ್ರೈಟ್ ಹಾಕಿದರೆ ಮಂಜೇ ಕಾಣುವುದು, ರಸ್ತೆ ಅಲ್ಲ.

ಮಳೆಯಲ್ಲಿ ಗಾಡಿ ಗುಟುಕು ಗುಟುಕು ಅಂತ ನಿಂತರೆ ಎಲ್ಲರೂ ಕಾರ್ಬುರೇಟರ್ ಬಿಚ್ಚುತ್ತಾರೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ರಾತ್ರಿ ಕತ್ತಲಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಪ್ಲಗ್ ಕ್ಯಾಪ್ ಮತ್ತು ಅದರ ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಕೈ ಮಾತ್ರ ತಾಗಿಸಬೇಡಿ. ನಮ್ಮ ಶೆಡ್ಡಿನಲ್ಲಿ ನೋಡಿದಾಗ ಕ್ಯಾಪಿನ ಬಿರುಕಿನಿಂದ ಎಂಜಿನ್ ಕಡೆಗೆ ಸಣ್ಣ ನೀಲಿ ಎಳೆ ಚಟಚಟ ಅಂತ ಹಾರುತ್ತಿತ್ತು. ಕಿಡಿ ಪ್ಲಗ್‌ಗೆ ಹೋಗದೆ ಹೊರಗೇ ಹೋಗ್ತಾ ಇದೆ. ಹೊಸ ಕ್ಯಾಪ್ ಹಾಕಿ, ಬಾಯಿಗೆ ಸಿಲಿಕಾನ್ ಗ್ರೀಸ್ ಹಚ್ಚಿದೆ. ಆಮೇಲೆ ಒಂದು ಮಳೆಗಾಲದಲ್ಲೂ ನಿಂತಿಲ್ಲ. ಹೆಡ್‌ಲೈಟ್ ಹಿಂದೆ ಮತ್ತು ಟ್ಯಾಂಕ್ ಕೆಳಗಿರುವ ವೈರ್ ಜೋಡಣೆಗಳನ್ನೂ ಬಿಚ್ಚಿ ಹಸಿರು ಕಿಲುಬು ತೆಗೆಯಿರಿ. ಟೇಪ್ ಸುತ್ತಬೇಡಿ, ಒಳಗೆ ನೀರು ನಿಲ್ಲುತ್ತದೆ.

ಪೆಟ್ರೋಲಿನ ವಿಷಯವೂ ಇಲ್ಲೇ ಹೇಳಬೇಕು. ಈಗ ಬರುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯೋ ಬರೀ ನೀರು. 2006ರ ಗಾಡಿಯ ರಬ್ಬರ್ ಪೈಪ್, ವಾಶರ್‌ಗಳು ಇದಕ್ಕಾಗಿ ಮಾಡಿದವಲ್ಲ. ಪೆಟ್ರೋಲ್ ಪೈಪನ್ನು ಬದಲಾಯಿಸಿ, ಕಾರ್ಬುರೇಟರ್‌ನ ರಬ್ಬರ್ ಕಿಟ್ ಹಾಕಿಸಿ. ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿರಲಿ, ಖಾಲಿ ಜಾಗದಲ್ಲೇ ತೇವ ಕೂತು ತುಕ್ಕು ಹಿಡಿಯುವುದು. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ತಳದ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲ್ ಬಸಿದುಬಿಡಿ.

ಟಯರ್ ಕಂಪನಿಯಿಂದ ಬಂದದ್ದು ಎರಡೂ 2.75-18. ಮುಂದಿನದು ಅದೇ ಅಳತೆ ಇರಲಿ. ಹಿಂದೆ 3.00-18 ಹಾಕಬಹುದು, ಆದರೆ ಹಾಕಿದ ಮೇಲೆ ಚಕ್ರ ತಿರುಗಿಸಿ ಚೈನ್ ಕವರ್‌ಗೆ ತಾಗುತ್ತದಾ ನೋಡಿ. ತೋಟದ ಕೆಸರಿಗೆ ಅಂತ ದೊಡ್ಡ ಹಲ್ಲಿನ ಟಯರ್ ಹಾಕಿದರೆ ಪಾಚಿ ಕಟ್ಟಿದ ಡಾಂಬರಿನಲ್ಲಿ ಜಾರುತ್ತದೆ. ಎರಡಕ್ಕೂ ಆಗುವ ಮಧ್ಯಮ ಹಲ್ಲಿನದು ತಗೊಳ್ಳಿ. ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಇರಲಿ, ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಟಯರ್ ಬೇಡ. ಕೆಂಪು ಮಣ್ಣು ಮುಂದಿನ ಮಡ್‌ಗಾರ್ಡಿಗೆ ಸಿಕ್ಕಿ ಚಕ್ರ ಹಿಡಿದುಕೊಳ್ಳುತ್ತಿದ್ದರೆ, ಮಡ್‌ಗಾರ್ಡ್ ಬೋಲ್ಟಿಗೆ ಎರಡೆರಡು ವಾಶರ್ ಕೊಟ್ಟು ಸ್ವಲ್ಪ ಎತ್ತರಿಸಿ.

ಚೆಂದಕ್ಕೆ ಅಂತ ಚೈನ್ ಕವರ್ ತೆಗೆಸಬೇಡಿ. ಪೂರ್ತಿ ಮುಚ್ಚಿದ ಆ ತಗಡು ಕೊಡಗಿಗೇ ಮಾಡಿದ ಹಾಗಿದೆ. ಏರಿಗೆ ಎಳೆಯುವುದಿಲ್ಲ, ಹಿಂದೆ ಕಾಫಿ ಮೂಟೆ ಇರುತ್ತದೆ ಅನ್ನುವವರು ಚೈನ್ ಓಡುವ ಹಲ್ಲಿನ ಚಕ್ರ, ಅಂದರೆ ಹಿಂದಿನ ಸ್ಪ್ರಾಕೆಟ್‌ನಲ್ಲಿ ಎರಡು ಹಲ್ಲು ಜಾಸ್ತಿ ಇರುವುದನ್ನು ಹಾಕಿ. ಮುಂದೆ ಒಂದು ಹಲ್ಲು ಕಮ್ಮಿ ಮಾಡಿದರೆ ಹಿಂದೆ ಮೂರು ಹಲ್ಲು ಹೆಚ್ಚಿಸಿದಷ್ಟಾಗುತ್ತದೆ, ಅದು ಅತಿಯಾಯಿತು. ಚೈನ್, ಎರಡು ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ. ಹಳೇ ಚೈನ್ ಹೊಸ ಹಲ್ಲನ್ನು ತಿಂದುಬಿಡುತ್ತದೆ.

ಎಂಜಿನ್‌ಗೆ ನಾನು ಏನೂ ಮಾಡಿಸಿಲ್ಲ, ಟ್ಯಾಪೆಟ್ (ವಾಲ್ವಿನ ಸಂದು ಹೊಂದಿಸುವುದು) ಮತ್ತು ಆಯಿಲ್ ಬಿಟ್ಟರೆ. ಆಯಿಲ್ ಬದಲಾಯಿಸುವಾಗ 900 ಮಿಲಿಲೀಟರ್ 10ಡಬ್ಲ್ಯು-30. ನೀಲಿ ಹೊಗೆ ಬರುತ್ತಿದ್ದರೆ ಮಾತ್ರ ಬೋರ್ ಕೆಲಸ, ಅಂದರೆ ಸಿಲಿಂಡರ್, ಪಿಸ್ಟನ್ ಕೆಲಸ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮಾತ್ರ ದಯವಿಟ್ಟು ಕಿಕ್ ಹೊಡೆಯಬೇಡಿ. ತಳ್ಳಿಕೊಂಡು ಹೊರಗೆ ಬಂದು, ಪ್ಲಗ್ ತೆಗೆದು, ಆಮೇಲೆ ಕಿಕ್ ಹೊಡೆದು ನೀರು ಹೊರಗೆ ಹಾಕಿ.

ಗಾಡಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಗಾಡಿಯನ್ನು ಮಡಿಕೇರಿ ಆರ್‌ಟಿಒ ಕಚೇರಿಗೆ ತೋರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. ಚಾಸಿ ಕತ್ತರಿಸುವುದು, ಬೇರೆ ಸಿಸಿಯ ಎಂಜಿನ್ ಕೂರಿಸುವುದು, ಕಿವಿಗಡಚಿಕ್ಕುವ ಸೈಲೆನ್ಸರ್ ಇವು ಬೇಡವೇ ಬೇಡ.

ಕೊನೆಗೆ ಒಂದು ಸಣ್ಣ ಕೆಲಸ, ಖರ್ಚೂ ಇಲ್ಲ. ಹೊಸ ಕ್ಲಚ್ ಕೇಬಲ್ ತಂದಾಗ ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ಎರಡು ತುದಿಗೂ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಕಟ್ಟಿಡಿ. ದಾರಿಯಲ್ಲಿ ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚಬೇಕಿಲ್ಲ, ಎರಡು ತುದಿ ಸಿಕ್ಕಿಸಿದರೆ ಆಯಿತು. ಹೋದ ವರ್ಷ ರಾತ್ರಿ ಎಂಟು ಗಂಟೆಗೆ, ಆನೆ ಓಡಾಡುವ ಜಾಗದಲ್ಲಿ ನನ್ನ ಕೇಬಲ್ ತುಂಡಾಯಿತು. ಮಗಳು ಮೊಬೈಲ್ ಬೆಳಕು ಹಿಡಿದಳು, ಐದು ನಿಮಿಷದಲ್ಲಿ ಹೊರಟೆವು.